ಕಾಜುಬಾಗದ ಮನೆಯ ಡಿಪಾಸಿಟ್ಟು

ನಮ್ಮ ಮನೆಯಲ್ಲಿ ಯಾರಿಗೂ ಬಾಡಿಗೆ ಮನೆ ಹುಡುಕಿ ಗೊತ್ತಿರಲಿಲ್ಲ. ಅಪ್ಪ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದು ನಾನು ಹುಟ್ಟುವ ಮೊದಲೇ. ನಾನು ಹೆಜ್ಜೆ ಹಾಕಲು ಕಲಿತದ್ದೂ, ಓದಿದ್ದೂ, ಕಾರವಾರದ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರಾಗಿ ಸೇರಿ ದಿನಾ ಬಸ್ಸು ಹತ್ತತೊಡಗಿದ್ದೂ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದುಕೊಂಡೇ. ಬಾಡಿಗೆ ಎನ್ನುವುದು ಸಂಬಳದ ಚೀಟಿಯಲ್ಲೇ ಮುರಿದು ಹೋಗುತ್ತಿತ್ತು. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಅಮ್ಮನ, ನಮ್ಮ ಮಾತಲ್ಲಿ ಆಯಿಯ, ತವರಾದ ಮಂಜಗುಣಿಯಲ್ಲಿ, ಮಾವನ ಹಿತ್ತಿಲಿಗೆ ತಾಗಿ ಒಂದು ಸಣ್ಣ ಮನೆ ಕಟ್ಟುವುದು ಅಪ್ಪನ ಲೆಕ್ಕಾಚಾರ. ಅಡಿಪಾಯಕ್ಕೆ ಎಲ್ಲಿಂದ ಕಲ್ಲು ತರಿಸಬೇಕು ಎಂಬುದೂ ಮಾತಾಗಿತ್ತು.

ನಿವೃತ್ತಿಗೆ ಇನ್ನು ಕೆಲವೇ ವಾರಗಳಿರುವಾಗ ಅಪ್ಪ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದವರು ಹಾಗೇ ಬಚ್ಚಲ ಗೋಡೆಗೆ ಒರಗಿ ಕುಸಿದರು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಬುದ್ಧಿ ಮಾತ್ರ ಎಂದಿನ ಹಾಗೇ ಇತ್ತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಿಳಿದಿದೆ ಎಂದು ಹೇಳಲು ಮಾತ್ರ ಆಗುತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಹೊರಗೆ ಬರುವಷ್ಟರಲ್ಲಿ ಮನೆ ಕಟ್ಟಲು ಇಟ್ಟಿದ್ದೆಲ್ಲ ಕರಗಿ, ಮೇಲೆ ಸಾಲವೂ ಆಗಿತ್ತು.

"ಮೊದಲ ವರ್ಷ ಬಿಟ್ಟುಕೊಡಬೇಡಿ," ಎಂದರು ಕಾರವಾರದಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ. "ದಿನಾ ಮಾಡಿಸಿದರೆ ಕೈ ಬರಬಹುದು, ನಾಲ್ಕು ಹೆಜ್ಜೆ ನಡೆಯಲೂಬಹುದು. ಕದ್ರಾದಿಂದ ಕರೆದುಕೊಂಡು ಬಂದು ಹೋಗುವುದು ಮಾತ್ರ ಆಗದ ಕೆಲಸ."

ಹೇಗೂ ಕ್ವಾರ್ಟರ್ಸ್ ಬಿಡಬೇಕಿತ್ತು. ಕಚೇರಿಯವರು ಕೊಡಬಹುದಾದಷ್ಟು ದಿನ ಕೊಟ್ಟರು. ಆದರೆ ಅಪ್ಪನ ನಿವೃತ್ತಿಯ ಹಣ ಪೂರ್ತಿ ಕೈಗೆ ಬರಬೇಕಾದರೆ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿರಬೇಕು. ನಿಯಮವೇ ಹಾಗೆ. ಕೈ ಒಪ್ಪಿಸಬೇಕಾದರೆ ಹೋಗಲು ಇನ್ನೊಂದು ಮನೆ ಬೇಕು. ಇನ್ನೊಂದು ಮನೆಗೆ ಮೊದಲೇ ಡಿಪಾಸಿಟ್ಟು ಇಡಬೇಕು. ಅದಕ್ಕೆ ಆ ಹಣ ಬೇಕು. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ನಾನು ದಿನವೂ ಇದನ್ನೇ ಯೋಚಿಸುತ್ತ ಹೋಗುತ್ತಿದ್ದೆ, ಇದನ್ನೇ ಯೋಚಿಸುತ್ತ ಬರುತ್ತಿದ್ದೆ.

ಶಾಲೆ ಬಿಟ್ಟ ಮೇಲೆ ಏಜೆಂಟನೊಬ್ಬನ ಸ್ಕೂಟರಿನ ಹಿಂದೆ ಕೂತು ಮನೆ ನೋಡತೊಡಗಿದೆ. ಕೋಡಿಬಾಗ, ಹಬ್ಬುವಾಡ, ಬಾಡ. ನಮಗೆ ನೆಲದ ಮೇಲಿನ ಮನೆಯೇ ಬೇಕು, ಮೆಟ್ಟಿಲು ಇರಕೂಡದು. ಹಾಗೆಂದ ಕೂಡಲೇ "ಯಾಕೆ?" ಎನ್ನುವ ಪ್ರಶ್ನೆ ಬರುತ್ತಿತ್ತು. ಹಬ್ಬುವಾಡದಲ್ಲಿ ಒಬ್ಬ ಹೆಂಗಸು ಚಹಾ ಕೊಟ್ಟು, ನನ್ನ ಕೆಲಸ ಕೇಳಿ, ಮನೆಯೆಲ್ಲ ತೋರಿಸಿದರು. ಬಚ್ಚಲಿನ ಬಾಗಿಲಿಗೆ ವ್ಹೀಲ್‌ಚೇರು ಹಿಡಿಯುವುದೇ ಎಂದು ನಾನು ಗೇಣು ಹಾಕಿ ಅಳೆಯುತ್ತಿದ್ದಾಗ ಅವರ ಮುಖ ಬದಲಾಯಿತು.

"ಯಾರಿಗೆ ವ್ಹೀಲ್‌ಚೇರು?"

"ಅಪ್ಪನಿಗೆ. ಸ್ಟ್ರೋಕ್ ಆಗಿದೆ."

"ಅಯ್ಯೋ, ಮೊದ್ಲೇ ಹೇಳ್ಬೇಕಿತ್ತು ತಂಗೀ. ನಮ್ಮ ಹುಡ್ಗಿ ಮದ್ವೆ ಅದೆ ಬರೂ ಮಾಘದಲ್ಲಿ. ಮನೆ ನಮ್ಗೇ ಬೇಕಾತದೆ."

ಮಾಘಕ್ಕೆ ಇನ್ನೂ ಬಹಳ ತಿಂಗಳಿದ್ದವು. ಒಬ್ಬರು ನೆಂಟರು ಬರುತ್ತಾರೆ ಎಂದರು. ಒಬ್ಬರು ಏನೂ ಹೇಳದೆ ಫೋನು ಎತ್ತುವುದನ್ನೇ ನಿಲ್ಲಿಸಿದರು. ಕೊನೆಗೆ ಏಜೆಂಟನೇ ಸ್ಕೂಟರು ನಿಲ್ಲಿಸಿ ಹೇಳಿದ: "ಟೀಚರೇ, ಅಪ್ಪನ ವಿಷಯ ಬಿಟ್ಟು ಹೇಳಿ. ಒಳಗೆ ಹೋದ್ಮೇಲೆ ಯಾರು ಎಬ್ಬಿಸ್ತಾರೆ?" ಅಪ್ಪನನ್ನು ಅಡಗಿಸಿ ಮನೆಯೊಳಗೆ ಸಾಗಿಸುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ.

ಕಾಜುಬಾಗದ ಮನೆ ಸಿಕ್ಕಿದಾಗ ಆಯಿಯೂ ನನ್ನ ಜೊತೆ ಇದ್ದಳು. ಮಹಡಿಯಲ್ಲಿ ಮಾಲಕರು, ಕೆಳಗೆ ಎರಡು ಕೋಣೆ, ಅಡುಗೆಮನೆ. ಬಾಗಿಲಿಗೆ ಒಂದೇ ಮೆಟ್ಟಿಲು. ಚಿಕಿತ್ಸೆಯ ಜಾಗ ಹತ್ತಿರ. ಮಾಲಕರು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಬಂದು ಊರಲ್ಲಿ ನೆಲೆನಿಂತವರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲ. ನಾನು ಅಪ್ಪನ ಸ್ಥಿತಿಯನ್ನು ಮೊದಲೇ ಹೇಳಿಬಿಟ್ಟೆ. ಅವರು ಎದ್ದು ಹೋಗಲಿಲ್ಲ. ಆಯಿಯ ಕಡೆ ತಿರುಗಿದರು.

"ಬಾಯೀ, ಸಿಟ್ಟು ಮಾಡ್ಕಬೇಡಿ. ಒಳಗೊಂದು ಹೊರಗೊಂದು ನನ್ನ ಹತ್ರ ಇಲ್ಲ. ನಾಳೆ ಮನೆ ಒಳಗೇ ಏನಾರೂ ಆಗಿ ಹೋದ್ರೆ? ಆ ಹೊತ್ತಿನ ನಕ್ಷತ್ರ ಚಲೋ ಇಲ್ದಿದ್ರೆ ಮನೆ ಬಾಗ್ಲು ಹಾಕ್ಬೇಕಾತದೆ, ಮೂರು ತಿಂಗ್ಳೋ ಆರು ತಿಂಗ್ಳೋ. ಕೆಳಗಷ್ಟೇ ಅಲ್ಲ, ನಾವೂ ಮ್ಯಾಲೆ ಇರುಕಾಗೂದಿಲ್ಲ. ಬಾಡಿಗೆ ಹೋತದೆ, ಶಾಂತಿ ಖರ್ಚು ಬತ್ತದೆ. ಅದ್ಕೇ ಡಿಪಾಸಿಟ್ಟು ಎಲ್ಲರ ಹಾಂಗೆ ಅಲ್ಲ, ದುಪ್ಪಟ್ಟು ಕೇಳ್ತೆ. ಏನೂ ಆಗ್ಲಿಲ್ಲ ಅಂದ್ರೆ ಬಿಡೂ ದಿವ್ಸ ಪೂರ್ತಿ ನಿಮ್ಮ ಕೈಗೆ ಕೊಡ್ತೆ. ಇದು ನನ್ನ ಮಾತು."

ಅವರ ಹೆಂಡತಿ ಬಾಗಿಲ ಮರೆಯಿಂದ ಕೊಂಕಣಿಯಲ್ಲಿ ಏನೋ ತಡೆದು ಹೇಳಿದರು. ಅವರು ಕೈ ಎತ್ತಿ ಸುಮ್ಮನಾಗಿಸಿದರು. ನಾನು ಎದ್ದು ನಿಂತಿದ್ದೆ. ಆಯಿ ನನ್ನ ಸೆರಗು ಹಿಡಿದು ಕೂರಿಸಿದಳು.

"ಕೊಡ್ತೇವೆ," ಎಂದಳು.

ಬಸ್ ಸ್ಟ್ಯಾಂಡಿಗೆ ನಡೆದು ಬಂದೆವು. ಕದ್ರಾದ ಬಸ್ಸು ಬಂದು ನಿಂತು, ಜನ ಹತ್ತುತ್ತಿದ್ದಾಗ ಆಯಿ ನನ್ನ ಮುಖ ನೋಡದೆ ಹೇಳಿದಳು: "ನಿನ್ನಪ್ಪನ ಸಾವಿಗೆ ರೇಟು ಮಾತಾಡ್ಕಂಡು ಬಂದೆ ನಾನು."

ಆಯಿಯ ಬಳೆಗಳು ಸಹಕಾರಿ ಸಂಘದಲ್ಲಿ ಅಡವು ಹೋದವು. ಉಳಿದದ್ದಕ್ಕೆ ಆಯಿ ಮಂಜಗುಣಿಗೆ ಹೋಗಿ ತಮ್ಮನನ್ನು ಕೇಳಿದಳು. ಮಾವ ಉಪ್ಪುನೀರು ನುಗ್ಗುವ ಗಜನಿ ಗದ್ದೆ ಮಾಡಿಕೊಂಡು, ಗಂಗಾವಳಿಯ ಅಳಿವೆಯಲ್ಲಿ ಬೆಳಚಿನ ಚಿಪ್ಪಿ ಆರಿಸಿ ಮಾರಿ ಸಂಸಾರ ನಡೆಸುವವನು. ಮನೆಯ ಮಾಡು ಬಿಚ್ಚಿ ಹೊಸ ಮರದ ಪಕಾಸಿ, ಹಂಚು ಹಾಕಿಸಲು ದುಡ್ಡು ಕೂಡಿಟ್ಟಿದ್ದ. ಅದನ್ನೇ ತಂದು ಕೊಟ್ಟ. ಮಾಮಿ ಒಳಗಿನಿಂದ ಪಾತ್ರೆ ಸದ್ದು ಮಾಡುತ್ತಿದ್ದಳಂತೆ. "ಅವ್ಳದ್ದು ತಪ್ಪಿಲ್ಲ. ಮಳೆಗಾಲ ಬಂದ್ರೆ ಸೋರೂದು ಅವ್ಳ ಒಲೆ ಮ್ಯಾಲೆ," ಎಂದಳು ಆಯಿ.

ಆ ವರ್ಷದ ಮಳೆ ಶುರುವಾಗುವ ಮೊದಲು ನಾವು ಕಾಜುಬಾಗಕ್ಕೆ ಬಂದೆವು. ಕದ್ರಾ ಕಾಲನಿಯ ನಾಲ್ಕು ಜನ ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಮಾಲಕರು ಮಹಡಿಯ ಕಟಾಂಜನದ ಸರಳುಗಳ ಹಿಂದೆ ನಿಂತು ನೋಡುತ್ತಿದ್ದರು. ಅಪ್ಪ ಎಡಗೈ ಎತ್ತಿ ನಮಸ್ಕಾರದ ಹಾಗೆ ಮಾಡಿದರು. ಅವರೂ ಎತ್ತಿದರು.

ಆಮೇಲೆ ಮಾಲಕರು ದಿನಾ ಬೆಳಿಗ್ಗೆ ಹಾಲಿನ ಪೊಟ್ಟಣ ಹಿಡಿದು ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು "ಹ್ಯಾಂಗಿದ್ದಾರೆ?" ಎಂದು ಕೇಳತೊಡಗಿದರು. ನೆರೆಯವರು ಯಾರಾದರೂ ಕೇಳುವ ಮಾತೇ. ಆಯಿಗೆ ಮಾತ್ರ ಅದು ತಪಾಸಣೆಯ ಹಾಗೆ ಕೇಳಿಸುತ್ತಿತ್ತು. ಅವರ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದ ಕೂಡಲೇ ಅಪ್ಪನ ಬಾಯಿ ಒರೆಸಿ, ದಿಂಬಿಗೆ ಒರಗಿಸಿ, ತಲೆ ಬಾಚಿ ಕೂರಿಸುವಳು. ಅಪ್ಪ ಕೆಮ್ಮಿದರೆ ರೇಡಿಯೋ ದೊಡ್ಡದು ಮಾಡುವಳು. ಅಷ್ಟು ವರ್ಷ ಆ ಮನುಷ್ಯನ ಜೊತೆ ಬಾಳಿದವಳು ಈಗ ಹಗಲಿರುಳು ಅವರ ಎದೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತಿದ್ದಳು. ಪ್ರೀತಿಯಿಂದ ನೋಡುತ್ತಿದ್ದಳೋ, ಡಿಪಾಸಿಟ್ಟಿನ ಹೆದರಿಕೆಯಿಂದ ನೋಡುತ್ತಿದ್ದಳೋ ಎಂದು ಅವಳಿಗೇ ಗೊತ್ತಾಗದಂತಾಗಿತ್ತು. ಒಂದು ದಿನ ನನಗೆ ಹಾಗೇ ಹೇಳಿ ಮುಖ ಮುಚ್ಚಿಕೊಂಡಳು.

ಇಷ್ಟಾದರೂ ಅಪ್ಪನ ಬಲಗೈಯ ಬೆರಳುಗಳು ಬಿಚ್ಚತೊಡಗಿದ್ದವು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಡಾಕ್ಟರಮ್ಮ ಒಂದು ಚೆಂಡು ಕೊಟ್ಟಿದ್ದರು. ಅದನ್ನು ಒತ್ತಲು ಬಂದ ದಿನ ಅಪ್ಪ ನಕ್ಕಿದ್ದರು, ಎಡಬದಿಯ ತುಟಿಯಿಂದ.

ಆಷಾಢದಲ್ಲಿ ಜ್ವರ ಬಂತು. ಮಧ್ಯಾಹ್ನ ಶಾಲೆಗೆ ಆಯಿಯ ಫೋನು ಬಂತು. ಒಂದೂ ಮಾತು ಸರಿಯಾಗಿ ಕೇಳಲಿಲ್ಲ, ಮಳೆಯ ಸದ್ದು ಅಷ್ಟಿತ್ತು. ನಾನು ಓಡಿ ಬಂದಾಗ ಬಾಗಿಲು ತೆರೆದೇ ಇತ್ತು. ಅಪ್ಪ ನೆಲದ ಮೇಲೆ ಹಾಸಿದ ಚಾದರದಲ್ಲಿದ್ದರು. ಉಸಿರು ಗೊರಗೊರ ಎನ್ನುತ್ತಿತ್ತು. ಆಯಿ ಚಾದರದ ಎರಡು ತುದಿ ಹಿಡಿದು, ಹಿಂದೆ ಹಿಂದೆ ಸರಿಯುತ್ತ ಅವರನ್ನು ಹೊಸಿಲಿನ ಕಡೆ ಎಳೆಯುತ್ತಿದ್ದಳು.

"ಇಲ್ಲಿ ಬ್ಯಾಡ," ಎನ್ನುತ್ತಿದ್ದಳು. "ನಿಮ್ಮ ಕಾಲಿಗೆ ಬೀಳ್ತೆ, ಇಲ್ಲಿ ಮಾತ್ರ ಬ್ಯಾಡ. ದವಾಖಾನಿಗೆ ಹೋಗ್ವ. ಅಲ್ಲೀತನ್ಕ ತಡೀರಿ."

ಅಪ್ಪ ಕಣ್ಣು ಬಿಟ್ಟುಕೊಂಡಿದ್ದರು. ಎಲ್ಲ ಕೇಳುತ್ತಿದ್ದರು. ಆ ಕಣ್ಣನ್ನು ನಾನು ಎದುರಿಸಲಾರದೆ ಕಾಲುಗಳನ್ನು ಹಿಡಿದೆ.

ಮೇಲಿನಿಂದ ಮಾಲಕರು ಧಡಧಡ ಇಳಿದು ಬಂದರು. ಆಯಿ ಅವರನ್ನು ನೋಡಿ ಚಾದರ ಬಿಟ್ಟು ಕೈಮುಗಿದು ನಿಂತಳು. "ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ ಸಾಹೇಬ್ರೆ, ಉಸಿರದೆ, ನೋಡಿ, ಕರ್ಕಂಡು ಹೋಗ್ತೇವೆ." ಅವರು ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ಬಗ್ಗಿ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮಳೆಯಲ್ಲಿ ನೆನೆಯುತ್ತ ರಸ್ತೆಗೆ ಹೋಗಿ ಆಟೋ ತಂದವರೂ ಅವರೇ. ಸಂಜೆ ಅವರ ಹೆಂಡತಿ ಆಸ್ಪತ್ರೆಗೆ ಗಂಜಿ ತಂದರು. ಮಾಲಕರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಬರಲು ನಾಚಿಕೆಯಾದವರ ಹಾಗೆ ಕಾಣುತ್ತಿದ್ದರು.

ಅಪ್ಪ ಬದುಕಿದರು. ಆದರೆ ಮನೆಗೆ ಬಂದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುವುದು ಶುರುವಾಯಿತು. ಆಯಿ ತುತ್ತು ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. ನಾನು ಹಿಡಿದರೆ ತೆರೆಯುತ್ತಿದ್ದರು. ಆಯಿ ತುತ್ತು ಕಲಸಿ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಮಳೆ ಕಡಿಮೆಯಾಗುತ್ತಿದ್ದ ಒಂದು ಬೆಳಿಗ್ಗೆ ಮೇಲಿನಿಂದ ಕೂಗು ಕೇಳಿತು. ಆಯಿ ಹಿಟ್ಟಿನ ಕೈಯಲ್ಲೇ ಓಡಿದಳು, ಅವಳ ಹಿಂದೆ ನಾನು. ಮಾಲಕರು ದೇವರ ಕೋಣೆಯ ಬಾಗಿಲಲ್ಲಿ ಬಿದ್ದಿದ್ದರು. ಆಯಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ಬಿಟ್ಟಳು. ನೀರು ಕಟವಾಯಿಯಿಂದ ಹೊರಗೆ ಹರಿಯಿತು. ಅಷ್ಟೇ. ಕೆಳಗೆ ಒಬ್ಬ ಮನುಷ್ಯ ಸಾಯದ ಹಾಗೆ ಎಲ್ಲರೂ ಕಾಯುತ್ತಿದ್ದಾಗ ಮೇಲೆ ಗಟ್ಟಿಮುಟ್ಟಾಗಿದ್ದವರು ಹೋಗಿಬಿಟ್ಟಿದ್ದರು.

ಭಟ್ಟರು ಪಂಚಾಂಗ ನೋಡಿ ನಕ್ಷತ್ರ ಕೆಟ್ಟದ್ದು ಎಂದರು. ಉತ್ತರಕ್ರಿಯೆ ಮುಗಿದ ಕೂಡಲೇ ಮನೆ ಬಿಡಬೇಕು, ಆರು ತಿಂಗಳು ದೀಪ ಹಚ್ಚಕೂಡದು, ಕೆಳಗೂ ಒಲೆ ಉರಿಯಕೂಡದು. ಮಾಲಕರ ತಮ್ಮ ಬಂದು ಇದನ್ನು ನಮ್ಮ ಬಾಗಿಲಲ್ಲಿ ನಿಂತು ಹೇಳಿದರು.

"ಡಿಪಾಸಿಟ್ಟು?" ಎಂದೆ ನಾನು.

"ಅಣ್ಣನ ಖಾತಿ ಈಗ ಬಂದ್ ಅದೆ. ವಾರಸಾ ಕಾಗದ ಎಲ್ಲ ಆಗ್ಬೇಕು. ಅದಾಗೂಕೆ ಎಷ್ಟು ದಿವ್ಸ ಅಂತ ನಾ ಹೇಳುಕಾಗೂದಿಲ್ಲ."

"ಅದಿಲ್ಲದೆ ಬೇರೆ ಮನೆ ಹೇಗೆ ಹಿಡಿಯುವುದು? ಮನೆಯಲ್ಲಿ ಕಾಯಿಲೆಯವರಿದ್ದಾರೆ."

"ನಂಗೆ ಅರ್ಥ ಆತದೆ, ಟೀಚರೇ. ಆದ್ರೆ ನನ್ನ ಕಿಸೆಯಿಂದ ಕೊಡುಕೆ ಆತದ್ಯಾ, ನೀವೇ ಹೇಳಿ."

ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿದ ಮೇಲೆ ಅಪ್ಪನ ಹಣದಲ್ಲಿ ಒಂದು ಪಾಲು ಬಂದಿತ್ತು. ಅದು ಮಂಗಳೂರಿನ ಸಾಲಕ್ಕೆ, ಜ್ವರದ ಖರ್ಚಿಗೆ ಹೋಗಿತ್ತು. ಉಳಿದದ್ದು ಇನ್ನೂ ಬರಬೇಕಿತ್ತು. ಮತ್ತೆ ಅದೇ ಏಜೆಂಟನ ಸ್ಕೂಟರು ಹತ್ತಿದೆ. ಈಗ ಎರಡು ಪ್ರಶ್ನೆಗಳಿದ್ದವು: ಕಾಯಿಲೆಯವರು ಯಾರು, ಮತ್ತು ಆ ಸಾವಾದ ಮನೆಯಿಂದ ಬರುವವರು ನೀವೇನಾ. ಬಾಡದಲ್ಲಿ ಒಬ್ಬರ ಗೇಟು ಹಿಡಿದು, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಡಿಪಾಸಿಟ್ಟು ತುಂಬುತ್ತೇನೆ ಎಂದು ಅಂಗಲಾಚಿದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಶಾಲೆಯ ಇಬ್ಬರು ಮಕ್ಕಳು ಅಮ್ಮನ ಜೊತೆ ಅದೇ ದಾರಿಯಲ್ಲಿ ಬರುತ್ತಿದ್ದರು. "ಗುಡ್ ಈವ್ನಿಂಗ್ ಮಿಸ್," ಎಂದರು. ನಾನು ಮುಖ ಒರೆಸಿಕೊಂಡು ಗುಡ್ ಈವ್ನಿಂಗ್ ಎಂದೆ.

ಹೊರಡುವ ಹಿಂದಿನ ದಿನ ಮಾಲಕರ ಹೆಂಡತಿ ಕೆಳಗೆ ಇಳಿದು ಬಂದರು. ಹಣೆ ಬೋಳಾಗಿತ್ತು. ಆಯಿಯ ಪಕ್ಕ ನೆಲದ ಮೇಲೆ ಕೂತರು.

"ನಂಗೂ ಬಿಡು ಅಂದಿದ್ದಾರೆ. ಸದಾಶಿವಗಡಕ್ಕೆ ಅಣ್ಣನ ಮನಿಗೆ ಹೋಗ್ತೆ. ಅಲ್ಲಿ ಅತ್ತಿಗೆ ಈಗ್ಲೇ ಕೇಳ್ತಾ ಇದ್ದಾಳಂತೆ, ಎಷ್ಟು ದಿವ್ಸಕ್ಕೆ ಬರೂದು ಅಂತ." ಆಯಿಯ ಹತ್ತಿರಕ್ಕೆ ಸರಿದು ಮುಂದುವರಿದರು. "ಆ ದಿವ್ಸ ನಾನು ಅವ್ರಿಗೆ ಅಂದಿದ್ದೆ ಬಾಯೀ, ಹಾಂಗೆಲ್ಲ ಕೇಳ್ಬೇಡಿ ಅಂತ. ಕೇಳ್ಲಿಲ್ಲ. ನಿಮ್ಮ ದುಡ್ಡು ನಂಗೆ ನೆನಪದೆ. ಕಾಗದ ಆಗ್ಲಿ."

"ಅವ್ರು ಆಟೋ ತಂದು ಎತ್ತಿ ಕೂರಿಸಿದ್ರು. ಅದು ನಂಗೂ ನೆನಪದೆ," ಎಂದಳು ಆಯಿ.

ಹೋಗಲು ಮಂಜಗುಣಿ ಒಂದೇ ಉಳಿದಿತ್ತು. ಸಾಮಾನಿನ ಟೆಂಪೋದಲ್ಲಿ ಹಾಸಿಗೆ ಹಾಸಿ, ಪಾತ್ರೆಪಗಡಗಳ ನಡುವೆ ಅಪ್ಪನನ್ನು ಮಲಗಿಸಿದೆವು. ಹಟ್ಟಿಕೇರಿ ದಾಟುವಾಗ ಮಳೆ ಹೊಡೆಯಿತು. ಡ್ರೈವರು ನಿಲ್ಲಿಸಿ ತಾಡಪಾಲು ಎಳೆದು ಕೊಟ್ಟ. ಅದರ ಕತ್ತಲೆಯಲ್ಲಿ ಅಪ್ಪ ಸದ್ದಿಲ್ಲದೆ ಅಳುತ್ತಿದ್ದರು. ಆಯಿ ಅವರ ಮುಖ ಒರೆಸಿದಳು. ಆ ಸಲ ಅವರು ಮುಖ ತಿರುಗಿಸಲಿಲ್ಲ.

ಮಾವ ಅಂಗಳದಲ್ಲೇ ಕಾಯುತ್ತಿದ್ದ. ಜಗಲಿಯ ಒಂದು ಬದಿಗೆ ಸೋಗೆ ಕಟ್ಟಿ ಕೋಣೆ ಮಾಡಿದ್ದ. ಸೋರುವ ಕಡೆಗೆಲ್ಲ ಪಾತ್ರೆ ಇಟ್ಟುಕೊಂಡು ಮಾಮಿ ಅಡುಗೆ ಮಾಡುತ್ತಿದ್ದಳು. ನಮ್ಮನ್ನು ನೋಡಿ ಮೊದಲು ಅವಳ ಮುಖ ಸಣ್ಣದಾಯಿತು, ನಾನು ನೋಡಿದೆ. ಆಮೇಲೆ ಅಪ್ಪನ ಪಾದ ಒದ್ದೆಯಾದದ್ದನ್ನು ಕಂಡು ತನ್ನ ಸೆರಗಿನಿಂದಲೇ ಒರೆಸಿದಳು.

ನಾನು ಮಂಜಗುಣಿಯಿಂದ ಅಂಕೋಲೆಗೆ ಬಂದು, ಅಲ್ಲಿಂದ ಕಾರವಾರಕ್ಕೆ ಬಸ್ಸಿನಲ್ಲಿ ಓಡಾಡತೊಡಗಿದೆ. ದಿನದ ವ್ಯಾಯಾಮ ನಿಂತಿತು. ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ಕೊಟ್ಟದ್ದನ್ನು ನಾವು ಆದಷ್ಟು ಮಾಡಿಸಿದೆವು. ನಮ್ಮ ಕೈಗೆ ಅವರ ಕೈಯ ಹದ ಬರಲಿಲ್ಲ. ತೋರುಬೆರಳು ಮೊದಲು ಮಡಚಿತು, ಆಮೇಲೆ ಹೆಬ್ಬೆರಳು. ಚಳಿಗಾಲ ಬರುವಷ್ಟರಲ್ಲಿ ಮುಷ್ಟಿ ಪೂರ್ತಿ ಮುಚ್ಚಿಹೋಗಿತ್ತು. ಉಗುರು ಅಂಗೈಗೆ ನೆಡದಿರಲಿ ಎಂದು ಆಯಿ ಅದರೊಳಗೆ ಬಟ್ಟೆ ಸುತ್ತಿ ಇಡುತ್ತಿದ್ದಳು. ನಾವು ಕಳೆದುಕೊಂಡದ್ದರಲ್ಲಿ ಯಾರೂ ವಾಪಸು ಕೊಡಲಾರದ್ದು ಅದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ.

ಬೇಸಿಗೆಯಲ್ಲಿ ಒಂದು ದಿನ ಮಾಲಕರ ಹೆಂಡತಿ ಒಬ್ಬರೇ ಬಸ್ಸಿಳಿದು, ಕೇಳುತ್ತ ಕೇಳುತ್ತ ನಮ್ಮನ್ನು ಹುಡುಕಿಕೊಂಡು ಬಂದರು. ಬ್ಯಾಂಕಿನ ಕೆಲಸ ಮುಗಿದ ಮರುದಿನವೇ ಹೊರಟಿದ್ದರು. ಡಿಪಾಸಿಟ್ಟು ಪೂರ್ತಿ ತಂದಿದ್ದರು.

"ಮನೆ ತೆರೆದ್ರು. ನೀವು ಬರೂದಾದ್ರೆ ಬನ್ನಿ. ಡಿಪಾಸಿಟ್ಟು ಗಿಪಾಸಿಟ್ಟು ಎಂತದೂ ಬ್ಯಾಡ," ಎಂದರು.

ಡಾಕ್ಟರಮ್ಮ ಹೇಳಿದ್ದ ಮೊದಲ ವರ್ಷ ಕಳೆದಿತ್ತು. ಆಯಿ ಅಪ್ಪನನ್ನು ತೋರಿಸಿದಳು. ಅವರು ಅಪ್ಪನ ಮುಷ್ಟಿಯನ್ನು ನೋಡಿದರು, ಮತ್ತೆ ಆ ಮಾತು ತೆಗೆಯಲಿಲ್ಲ. ಊಟ ಮಾಡಿಸಿ ಕಳಿಸಿದೆವು. ಹಣದಲ್ಲಿ ಮಾವನ ಪಾಲನ್ನು ಆಯಿ ಅವನ ಕೈಯಲ್ಲಿಟ್ಟಳು. ಬೇಡ ಎನ್ನುವ ಉಪಚಾರ ಮಾಡದೆ ಅವನು ತೆಗೆದುಕೊಂಡು, ಮರುವಾರವೇ ಮಾಡಿಗೆ ಆಳು ಹಚ್ಚಿದ. ಅದರಿಂದ ನನಗೆ ಎಷ್ಟು ನಿರಾಳವಾಯಿತೆಂದು ಹೇಳಲಾರೆ.

ಅಪ್ಪ ತೀರಿಕೊಂಡದ್ದು ಮುಂದಿನ ಶ್ರಾವಣದಲ್ಲಿ, ಮಧ್ಯಾಹ್ನ, ಮಾಮಿ ಗಂಜಿ ಕುಡಿಸುತ್ತಿದ್ದಾಗ. ಊರಿನ ಭಟ್ಟರು ಬಂದು ಜಗಲಿಯಲ್ಲಿ ಕೂತು ಚೀಲದಿಂದ ಪಂಚಾಂಗ ತೆಗೆದರು. ಆಯಿ ಅಪ್ಪನ ಪಕ್ಕದಿಂದ ಎದ್ದು ಬಂದು ಕಂಬ ಹಿಡಿದು ನಿಂತಳು. ಅವಳ ಕಣ್ಣು ಭಟ್ಟರ ಬೆರಳಿನ ಮೇಲಿತ್ತು. ಗಂಡ ಹೋದ ದುಃಖ ಅವಳ ಮುಖಕ್ಕೆ ಇನ್ನೂ ಬಂದಿರಲಿಲ್ಲ, ತಮ್ಮನ ಮನೆಯ ಹೆದರಿಕೆಯೇ ಅಲ್ಲಿ ತುಂಬಿತ್ತು.

ಮಾವ ಅವಳನ್ನು ನೋಡಿದ. ಭಟ್ಟರ ಎದುರು ಬಂದು ಕೂತ.

"ಭಟ್ರೆ, ಅದು ಒಳಗಿಡಿ. ಒಳ್ಳೇದಾದ್ರೂ ಕೆಟ್ಟದಾದ್ರೂ ನಂಗೆ ಹೇಳ್ಬೇಡಿ. ಮಾಡೂ ಕಾರ್ಯ ಎಲ್ಲ ಮಾಡಿಸ್ವ. ಮನೆ ಬಿಟ್ಟು ಹೋಗೂದು ಮಾತ್ರ ನಾವು ಯಾರೂ ಇಲ್ಲ."

ಭಟ್ಟರು ಅವನ ಮುಖ ನೋಡಿದರು, ಒಳಗೆ ಮಾಮಿಯ ಕಡೆ ನೋಡಿದರು. ಮಾಮಿ ಹೌದೆಂದು ತಲೆ ಆಡಿಸಿದಳು. ಅವರು ಪಂಚಾಂಗವನ್ನು ಚೀಲಕ್ಕೆ ಹಾಕಿದರು. ಆಯಿ ಕಂಬಕ್ಕೆ ಒರಗಿ ಹಾಗೇ ಜಾರಿ ಕೂತು, ಬಾಯಿಬಿಟ್ಟು ಅತ್ತಳು. ಕದ್ರಾದ ಆ ಬೆಳಿಗ್ಗೆಯಿಂದ ಅಲ್ಲಿಯವರೆಗೆ ಅವಳು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಕೇಳಿರಲಿಲ್ಲ.

ಆಯಿ ಈಗಲೂ ಮಂಜಗುಣಿಯಲ್ಲೇ ಇದ್ದಾಳೆ. ನಾನು ಕಾರವಾರದಲ್ಲಿ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಒಬ್ಬಳೇ ಎಂದೆ, ಟೀಚರು ಎಂದೆ. ಎಲ್ಲರ ಹಾಗೇ ಡಿಪಾಸಿಟ್ಟು ಕೇಳಿದರು, ಕೊಟ್ಟೆ. ಶನಿವಾರ ಶಾಲೆ ಬೇಗ ಬಿಡುತ್ತದೆ. ಅಂಕೋಲೆಯ ಬಸ್ಸು ಹತ್ತಿ ಆಯಿಯ ಹತ್ತಿರ ಹೋಗುತ್ತೇನೆ.